ಚೆಂದ ಆಗಲಿ ಅಂತ ತೆಗೆದ ಚಿತ್ರ ಅಲ್ಲ

ಮನಸ್ಸು ಕುಸಿದವರಿಗೆ ಚಿತ್ರವೋ ಹಾಡೋ ಹೊಲಿಗೆಯೋ ಆಸರೆಯಾಗುತ್ತದೆ. ಸ್ವಲ್ಪ ಚೇತರಿಸಿಕೊಂಡರು ಅನ್ನುವಷ್ಟರಲ್ಲಿ ಮನೆಯವರು ಅದನ್ನು ಊರಿಗೆಲ್ಲ ತೋರಿಸುತ್ತಾರೆ. ಆಮೇಲೆ ಅದು ನಿಂತೇ ಹೋಗುತ್ತದೆ. ಇದು ನನ್ನ ಮುಂದೆ ಮೇಲಿಂದ ಮೇಲೆ ಬರುತ್ತಿದೆ. ಅದಕ್ಕೇ ಬಾಗಲಕೋಟೆಯ ಒಬ್ಬ ತಾಯಿಯ ಈ ಪ್ರಕರಣ ಬರೆಯುತ್ತಿದ್ದೇನೆ. ಆ ತಾಯಿಯ ಒಪ್ಪಿಗೆ ಇದೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಅವರಿಗೆ ಐವತ್ತು ದಾಟಿದೆ. ಹಳೇ ಬಾಗಲಕೋಟೆಯ ಮನೆ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹೋದ ಮೇಲೆ ನವನಗರಕ್ಕೆ ಬಂದವರು. ಗಂಡ ತೀರಿಕೊಂಡರು. ನಿದ್ದೆ ಹೋಯಿತು, ಊಟ ಸೇರದಾಯಿತು. ಮನೋವೈದ್ಯರು ಖಿನ್ನತೆ ಎಂದು ಗುಳಿಗೆ ಕೊಟ್ಟು ಆಪ್ತಸಮಾಲೋಚನೆಗೆ ನನ್ನ ಬಳಿ ಕಳಿಸಿದರು. ಮಗನದು ಬಣ್ಣದ ಅಂಗಡಿ. ಡಬ್ಬಿಯ ತಳದಲ್ಲಿ ಉಳಿದ ಬಣ್ಣ ತಗೊಂಡು ರಟ್ಟಿನ ಮೇಲೆ ಚಿತ್ರ ತೆಗೆಯಲು ಅವರೇ ಶುರು ಮಾಡಿದ್ದರು. ಯಾರೂ ಹೇಳಿಕೊಟ್ಟಿದ್ದಲ್ಲ. ಮೊದಲು ಕೈಗೆ ಗೊತ್ತಿದ್ದದ್ದು ರಂಗೋಲಿ ಒಂದೇ. ನಿಧಾನಕ್ಕೆ ನಿದ್ದೆ ಹತ್ತತೊಡಗಿತು. (ಬಾಗಿಲು ಹಾಕಿಕೊಂಡು ಎನಾಮೆಲ್ ಬಳಿಯುತ್ತಿದ್ದರು. ತಲೆನೋವಿಗೆ ಟರ್ಪಂಟೈನ್ ವಾಸನೆಯೂ ಕಾರಣ ಇರಬಹುದು ಎಂದು ನೀರಿನಲ್ಲಿ ಕಲಸುವ ಬಣ್ಣಕ್ಕೆ ಬದಲಾಯಿಸಿದೆವು. ಎಲ್ಲ ತಲೆನೋವೂ ದುಃಖದ್ದೇ ಆಗಿರುವುದಿಲ್ಲ, ಅಲ್ವಾ?)

ಮಗ ಚಿತ್ರಗಳನ್ನು ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದ. ಒಬ್ಬರು ಗೋಳಗುಮ್ಮಟ ಬೇಕೆಂದರು, ಇನ್ನೊಬ್ಬರು ಬಾದಾಮಿಯ ಅಗಸ್ತ್ಯ ತೀರ್ಥ. ಮಗ ಖುಷಿಯಿಂದ ಕ್ಯಾನ್ವಾಸ್ ತಂದ. 'ಅಪ್ಪನ ಪುಣ್ಯತಿಥಿಗೆ ಅವನದೂ ಒಂದು ತೆಗಿಯವ್ವಾ' ಎಂದ. ಅಂದಿನಿಂದ ತಾಯಿ ಬ್ರಷ್ ಮುಟ್ಟಲಿಲ್ಲ. ನಿದ್ದೆಯೂ ಮತ್ತೆ ಹೋಯಿತು.

ಆ ಭೇಟಿಯಲ್ಲಿ ಮೊದಲು ಮಗನೇ ಮಾತಾಡಿದ. ಅವನನ್ನು ಹೊರಗೆ ಕೂರಿಸಿದೆ. ಅವರ ಚೀಲದಲ್ಲಿ ಒಂದು ರಟ್ಟು ಇತ್ತು. 'ಇದು ಏನು' ಎಂದು ನಾನು ಯಾರನ್ನೂ ಕೇಳುವುದಿಲ್ಲ. ಕೇಳಿದರೆ ಪರೀಕ್ಷೆ ಕೊಟ್ಟ ಹಾಗೆ ಉತ್ತರ ಹುಡುಕುತ್ತಾರೆ. 'ಇದರಾಗ ಮೊದಲ ಹಾಕಿದ ಗೆರಿ ಯಾವುದ್ರಿ?' ಎಂದೆ. ಚಿತ್ರದಲ್ಲಿದ್ದ ಗೋಡೆಯ ನಡುವಿನ ಕಪ್ಪು ಸಂದಿಯ ಮೇಲೆ ಬೆರಳಿಟ್ಟರು.

'ಬಾಗಲಾ ಇದ್ದ ಜಾಗಾರಿ.'

ಆಮೇಲೆ ಮಾತು ತಾನೇ ಬಂತು. ಊರು ಬಿಡುವಾಗ ಗಂಡನೇ ಹಾರೆ ಹಾಕಿ ತೇಗದ ಚೌಕಟ್ಟು ಕಿತ್ತರಂತೆ. ಹೊಸ ಮನೆಗೆ ಅಳತೆ ಕೂಡಲಿಲ್ಲ, ಮಾರಿಬಿಟ್ಟರು. ಅತ್ತೆ ದಿನಾ ಕುಂಕುಮ ಹಚ್ಚುತ್ತಿದ್ದ ಹೊಸ್ತಿಲೂ ಅದರ ಜೊತೆಗೇ ಹೋಯಿತು.

'ನನ್ನ ಒಂದ ಮಾತ ಕೇಳಲಿಲ್ರಿ. ಮಂದಿ ಚಿತ್ರ ನೋಡಿ ಚೆಂದ ಐತಿ ಅಂದ್ರು. ಚೆಂದ ಆಗ್ಲಿ ಅಂತ ನಾ ತೆಗದಿಲ್ರಿ ಮೇಡಂ. ಸಿಟ್ಟ ಬಂದಿತ್ತು, ತೆಗದೆ. ಸತ್ತವರ ಮ್ಯಾಲ ಸಿಟ್ಟ ಮಾಡಬಾರದಲ್ರಿ?'

'ಮಾಡಬಹುದ್ರಿ,' ಎಂದೆ. 'ಅದರ ಸಂಗಾಟ ಮಾಯಾನೂ ಇರಬಹುದು.' ತುಂಬಾ ಹೊತ್ತು ಅತ್ತರು. ನಾನು ಸುಮ್ನೆ ಕೂತೆ.

ಅವತ್ತು ಕೊಟ್ಟ ಸಲಹೆ ಮಗನಿಗೆ ರುಚಿಸಲಿಲ್ಲ. ರಟ್ಟಿನ ಚಿತ್ರಗಳು ಅವರವು. ಫೋಟೋ ಬೇಡ, ಸ್ಟೇಟಸ್ ಬೇಡ, ಮಾರುವುದೂ ಬೇಡ. ಗಂಡನ ಚಿತ್ರ ತೆಗೆಯಲೇಬೇಕೆಂದಿಲ್ಲ, ಪುಣ್ಯತಿಥಿಗೆ ಫೋಟೋ ಸಾಕು. ಗುಳಿಗೆ ಮಾತ್ರ ವೈದ್ಯರು ಹೇಳುವವರೆಗೆ ಬಿಡಬಾರದು. 'ಚಿತ್ರ ತೆಗೆದರೆ ಆರಾಮ ಆಗ್ತಾರಲ್ಲ, ಗುಳಿಗಿ ಯಾಕ್ರಿ' ಎಂದು ಮಗ ಮೊದಲೇ ಕೇಳಿದ್ದ, ಅದಕ್ಕೇ ಒತ್ತಿ ಹೇಳಿದೆ. ರಾತ್ರಿ ಸಂಕಟ ಜಾಸ್ತಿಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಲು ಹೇಳಿದೆ. ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

'ಬರೋ ದುಡ್ಡು ತಪ್ಪಿಸಿದ್ರಿ' ಎಂದ ಮಗ. ಒಬ್ಬ ಗೆಳತಿಯೂ ಚಿತ್ರಕಲಾ ಶಿಕ್ಷಕರ ಬಳಿ ಕಳಿಸಬಹುದಿತ್ತಲ್ಲ ಎಂದಳು. ಚಿತ್ರ ಮಾರಬಾರದು ಎಂದು ನಾನು ಹೇಳುತ್ತಿಲ್ಲ, ಕಲಿಯಬಾರದು ಎಂದೂ ಅಲ್ಲ. ಆದರೆ ಗಿರಾಕಿಯ ಚಿತ್ರಕ್ಕೆ ತಾರೀಕು ಇರುತ್ತದೆ, ಅದು ಅವನಿಗೆ ಹಿಡಿಸಲೂ ಬೇಕು. ಸಿಟ್ಟು ಇಳಿಸಲು ತೆಗೆಯುವವರು ಆ ಗೋಡೆಯನ್ನು ವಂಕವಂಕ ಮಾಡಬಹುದು, ಮೇಲೆ ಕಪ್ಪು ಬಳಿದು ಹರಿದೂ ಹಾಕಬಹುದು. ಅಷ್ಟು ಸಲಿಗೆ ಅವರಿಗೆ ಬೇರೆಲ್ಲೂ ಇರಲಿಲ್ಲ. ಚಿತ್ರ ಒಂದೇ ಗುಣ ಮಾಡಿತು ಎಂದೂ ನಾನು ಹೇಳಲಾರೆ. ಗುಳಿಗೆ ಕೆಲಸ ಮಾಡಿತು, ಮಾತೂ ಕೆಲಸ ಮಾಡಿತು. ಆದರೆ ಗಂಡನ ಮೇಲಿನ ಸಿಟ್ಟು ಬಾಯಿಗೆ ಬರುವ ಮೊದಲು ರಟ್ಟಿನ ಮೇಲೆ ಬಂದಿತ್ತು.

ಕೆಲವು ತಿಂಗಳಾದ ಮೇಲೆ ಅವರೇ ಕ್ಯಾನ್ವಾಸ್ ಬಿಚ್ಚಿದರು. ಅಗಸ್ತ್ಯ ತೀರ್ಥದ ಆರ್ಡರ್ ಒಪ್ಪಿಕೊಂಡರು, ರೇಟು ತಾವೇ ಹೇಳಿದರು. ಗೋಳಗುಮ್ಮಟ ಆಗಲ್ಲ ಎಂದರಂತೆ, 'ಆ ಗುಂಡಾನ ಗೋಲ ನನ್ನ ಕೈಗಿ ಬರಂಗಿಲ್ಲ'. ರಟ್ಟುಗಳು ಟ್ರಂಕಿನಲ್ಲಿವೆ, ಕೀಲಿ ಅವರ ಹತ್ತಿರ.

ಆಲಮಟ್ಟಿಯಲ್ಲಿ ಈಗ ಸಮುದ್ರ ಮಟ್ಟದಿಂದ 519.60 ಮೀಟರ್ ಎತ್ತರದವರೆಗೆ ನೀರು ನಿಲ್ಲುತ್ತದೆ. ಅದನ್ನು 524.256ಕ್ಕೆ ಏರಿಸುವ ಯೋಜನೆ ಇದೆ. ಏರಿದರೆ ಮುಳುಗುವ ಊರುಗಳ ಜನರೂ ನಿದ್ದೆ ಇಲ್ಲ ಎಂದು ಬರುತ್ತಾರೆ. ಎಲ್ಲರ ಕೈಗೂ ನಾನು ಬ್ರಷ್ ಕೊಡುವುದಿಲ್ಲ. ಮನೆ ಬಿಡುವಾಗ ಯಾವುದನ್ನು ಹೊತ್ತೊಯ್ಯುತ್ತೀರಿ, ಅದನ್ನು ಮನೆಯಲ್ಲಿ ಯಾರು ತೀರ್ಮಾನ ಮಾಡುತ್ತಾರೆ ಎಂದು ಈಗಲೇ ಕೇಳುತ್ತೇನೆ. ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ಕೇಳುತ್ತೇನೆ.