ಬಿಡಬೇಡಿ, ಫೇರಾ ಮನೆಗೆ ಮರಳುವ ತನಕ ಓದಿ

‘ಎ ಕೋರ್ಟ್ ಆಫ್ ಥಾರ್ನ್ಸ್ ಆ್ಯಂಡ್ ರೋಸಸ್’ ನೂರು ಪುಟ ಓದಿದರೂ ಹಿಡಿಸುತ್ತಿಲ್ಲ, ಮುಂದೆ ಓದಲೇ ಬಿಡಲೇ ಅಂತ ಕೇಳಿದ್ದೀರಿ. ದಯವಿಟ್ಟು ಬಿಡಬೇಡಿ.

ಸಾರಾ ಜೆ. ಮಾಸ್ ಬರೆದ, 2015ರಲ್ಲಿ ಬಂದ ಈ ಕಾದಂಬರಿ ನಿಧಾನ ಹೌದು. ಹತ್ತೊಂಬತ್ತರ ಫೇರಾ ಕಾಡಿನಲ್ಲಿ ತೋಳವೊಂದನ್ನು ಕೊಲ್ಲುತ್ತಾಳೆ. ಅದರ ಬದಲಿಗೆ ಟ್ಯಾಮ್ಲಿನ್ ಎಂಬ ಮಾಯಾವಿ ಅವಳನ್ನು ಗೋಡೆಯಾಚೆಯ ಮಾಯಾಲೋಕಕ್ಕೆ ಕರೆದೊಯ್ಯುತ್ತಾನೆ. ಇಷ್ಟೆಲ್ಲ ಬೇಗನೆ ಆಗುತ್ತದೆ. ಆಮೇಲೆ ಊಟ, ತೋಟ, ಚಿತ್ರ ಬಿಡಿಸುವುದು, ಮತ್ತೆ ಊಟ. ಮಳೆಗಾಲದಲ್ಲಿ ಉಡುಪಿಯಿಂದ ಮಂಗಳೂರಿಗೆ ಹೋಗುವ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಇದನ್ನು ಓದುತ್ತಿದ್ದೆ. ಆ ಭಾಗ ಬಂದಾಗ ಪಡುಬಿದ್ರಿ ತಲುಪುವ ಮೊದಲೇ ಪುಸ್ತಕ ಮುಚ್ಚಿ ಕಿಟಕಿ ಕಡೆ ತಿರುಗುತ್ತಿದ್ದೆ. ಇಡೀ ರಾತ್ರಿಯ ಯಕ್ಷಗಾನ ಆಟ ನೋಡಿದವರಿಗೆ ಇದು ಅರ್ಥವಾಗುತ್ತದೆ. ಕೋಡಂಗಿ, ಬಾಲಗೋಪಾಲ, ಪೀಠಿಕೆ ಸ್ತ್ರೀವೇಷ ಎಲ್ಲ ಮುಗಿದ ಮೇಲಲ್ವಾ ಪ್ರಸಂಗ?

ಆದರೆ ಆ ನಿಧಾನ ಸುಮ್ನೆ ಅಲ್ಲ. ಒಂದೇ ಒಂದು ವಿಷಯ ನೋಡಿ. ಫೇರಾಗೆ ಸರಿಯಾಗಿ ಓದಲು ಬರುವುದಿಲ್ಲ. ಟ್ಯಾಮ್ಲಿನ್‌ನ ಮನೆಯ ಗ್ರಂಥಾಲಯದಲ್ಲಿ ಕೂತು, ಗೊತ್ತಿಲ್ಲದ ಪದಗಳನ್ನು ಚೀಟಿಯಲ್ಲಿ ಬರೆದುಕೊಳ್ಳುತ್ತಾಳೆ. ಯಾರಾದರೂ ನೋಡಿಬಿಟ್ಟರೆ ಅಂತ ನಾಚಿಕೆ. ಓದುವಾಗ ಅದೊಂದು ಸಣ್ಣ ಸಂಗತಿ, ಅಷ್ಟೇ. ಕೊನೆಯ ಭಾಗದಲ್ಲಿ ಅದು ಅವಳ ಜೀವಕ್ಕೇ ಬಂದು ನಿಲ್ಲುತ್ತದೆ. ಆ ಪುಟಗಳಲ್ಲಿ ನನ್ನ ಕೈ ನಡುಗಿತ್ತು. ಟ್ಯಾಮ್ಲಿನ್‌ನ ಮನೆಯವರೆಲ್ಲರ ಮುಖಕ್ಕೆ 49 ವರ್ಷಗಳಿಂದ ಅಂಟಿಕೊಂಡ ಮುಖವಾಡಗಳೂ ಹಾಗೆಯೇ. ಅಲಂಕಾರಕ್ಕೆ ಇಟ್ಟದ್ದಲ್ಲ, ಕಾರಣ ಆಮೇಲೆ ತಿಳಿಯುತ್ತದೆ.

ನನ್ನನ್ನು ಗೆದ್ದದ್ದು ಮಾತ್ರ ಪ್ರೇಮಕಥೆ ಅಲ್ಲ, ಫೇರಾಳ ದೊಡ್ಡಕ್ಕ ನೆಸ್ತಾ. ಮೊದಲ ಅಧ್ಯಾಯಗಳಲ್ಲಿ ಸೌದೆ ಒಡೆಯುವುದಕ್ಕೂ ಗೊಣಗುವ ಆ ಅಕ್ಕನ ಮೇಲೆ ನಿಮಗೂ ಸಿಟ್ಟು ಬಂದಿರಬೇಕು. ಫೇರಾ ಒಮ್ಮೆ ಮನೆಗೆ ಮರಳುತ್ತಾಳೆ. ಆಗ ನೆಸ್ತಾ ಹೇಳುವ ಮಾತಿದೆ. ಏನು ಅಂತ ನಾನು ಹೇಳುವುದಿಲ್ಲ. ಅಲ್ಲಿಂದ ಮುಂದೆ ಕಥೆ ಓಡುತ್ತದೆ. ಬಸ್ಸು ಮಂಗಳೂರಿನ ಸ್ಟೇಟ್‌ಬ್ಯಾಂಕ್ ನಿಲ್ದಾಣ ತಲುಪಿದ್ದೂ ತಿಳಿಯದೆ ಕೂತಿದ್ದೆ, ಕಂಡಕ್ಟರ್ ಬಂದು ಎಬ್ಬಿಸಬೇಕಾಯಿತು.

ಇದು ದೊಡ್ಡವರ ಪುಸ್ತಕ, ಶೃಂಗಾರ ಸ್ವಲ್ಪ ಜಾಸ್ತಿಯೇ ಇದೆ. ಮನೆಯ ಮಕ್ಕಳ ಕೈಗೆ ಕೊಡುವ ಮೊದಲು ಯೋಚಿಸಿ. ನೆಸ್ತಾಳ ಆ ಮಾತಿನ ತನಕ ಓದಿಯೂ ಹಿಡಿಸದಿದ್ದರೆ ಖಂಡಿತ ಬಿಟ್ಟುಬಿಡಿ. ಹಿಡಿಸಿದರೆ 2016ರಲ್ಲಿ ಬಂದ ಎರಡನೇ ಭಾಗ ಇದೆ, ಇದಕ್ಕಿಂತ ದಪ್ಪ. ಅಕ್ಕನ ಬಗ್ಗೆ ನಿಮಗೆ ಏನನ್ನಿಸಿತು ಅಂತ ಕೆಳಗೆ ಬರೆಯಿರಿ, ನನಗೆ ನಿಜಕ್ಕೂ ಕೇಳಬೇಕು.