ಮೌಸ್ ಕಲಿಯುವವರ ಕೈಯಲ್ಲಿರಲಿ: ಒಬ್ಬ ಗ್ರಂಥಪಾಲಕಿಯ ಆಪ್ತಸಲಹೆ ಪ್ರಕರಣ

ಈ ಪ್ರಕರಣವನ್ನು ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ ಬರೆದಿದ್ದೇನೆ.

ಅನುದಾನಿತ ಪದವಿ ಕಾಲೇಜೊಂದರಲ್ಲಿ ಬಹುಕಾಲದಿಂದ ಗ್ರಂಥಪಾಲಕಿಯಾಗಿರುವ, ಐವತ್ತು ದಾಟಿದ ಮಹಿಳೆಯೊಬ್ಬರು ನಿದ್ರೆ ಬರುವುದಿಲ್ಲ, ಎದೆ ಡವಗುಟ್ಟುತ್ತದೆ ಎಂದು ಹೇಳಿಕೊಂಡು ಬಂದರು. ಮಾತನಾಡುತ್ತಾ ಹೋದಂತೆ, ಈ ತೊಂದರೆ ವಾರದ ಎಲ್ಲ ದಿನವೂ ಇರುವುದಿಲ್ಲ, ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಪ್ರೊಜೆಕ್ಟರ್ ಇಟ್ಟುಕೊಂಡು ಇ-ಸಂಪನ್ಮೂಲಗಳ ಬಗ್ಗೆ ತರಗತಿ ತೆಗೆದುಕೊಳ್ಳಬೇಕಾದ ದಿನದ ಹಿಂದಿನ ರಾತ್ರಿ ಮಾತ್ರ ಕಾಡುತ್ತದೆ ಎಂಬುದು ತಿಳಿಯಿತು. ಊಟ, ಮನೆಗೆಲಸ, ಕಚೇರಿಯ ಉಳಿದ ಜವಾಬ್ದಾರಿಗಳು ಎಂದಿನಂತೆ ನಡೆಯುತ್ತಿದ್ದವು. ಆದ್ದರಿಂದ ಇದನ್ನು ಕಾಯಿಲೆಯೆಂದು ಕರೆಯುವ ಅಗತ್ಯ ನನಗೆ ಕಾಣಲಿಲ್ಲ. ಆದರೂ ನಿದ್ರೆಯ ತೊಂದರೆ ಉಳಿದ ದಿನಗಳಿಗೂ ಹಬ್ಬಿದರೆ ವೈದ್ಯರನ್ನು ಕಾಣಬೇಕೆಂದೂ, ರಾತ್ರಿ ಹೊತ್ತು ಮಾತನಾಡಬೇಕೆನಿಸಿದರೆ ಮಾನಸಿಕ ಆರೋಗ್ಯದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದೆಂದೂ ತಿಳಿಸಿದೆ.

ಅವರ ಮನಸ್ಸಿನಲ್ಲಿ ಕೂತಿದ್ದುದು ಒಂದು ತರಗತಿ. ಇನ್‌ಫ್ಲಿಬ್‌ನೆಟ್ ಕೇಂದ್ರದ, ಕಾಲೇಜುಗಳಿಗೆ ಅಂತರಜಾಲದಲ್ಲಿ ಪುಸ್ತಕ, ನಿಯತಕಾಲಿಕಗಳನ್ನು ಒದಗಿಸುವ ಎನ್-ಲಿಸ್ಟ್ ಸೇವೆಯನ್ನು ತೋರಿಸಲು ಹೊರಟಾಗ ಪಾಸ್‌ವರ್ಡ್ ಒಪ್ಪಿಗೆಯಾಗಲಿಲ್ಲ. ಮುಂದಿನ ಸಾಲಿನಲ್ಲಿ ಯಾರೋ ನಕ್ಕರು. ಬಾಗಿಲ ಬಳಿ ನಿಂತಿದ್ದ ಕಿರಿಯ ಸಹಾಯಕ ಗ್ರಂಥಪಾಲಕ ಬಂದು, ಅವರ ಕೈಯಿಂದ ಮೌಸ್ ತೆಗೆದುಕೊಂಡು, ಉಳಿದ ಪಾಠವನ್ನು ತಾನೇ ಮುಗಿಸಿದರು. "ಮೇಡಂ, ಯಾವ ಪುಸ್ತಕ ಯಾವ ಕಪಾಟಿನಲ್ಲಿದೆ ಎಂದು ಕುಳಿತಲ್ಲಿಂದಲೇ ಹೇಳಬಲ್ಲೆ. ಅಂದು ಮಾತ್ರ ಆ ಮಕ್ಕಳ ಮುಂದೆ ನನಗೇನೂ ಬರುವುದಿಲ್ಲ ಎನಿಸಿಬಿಟ್ಟಿತು," ಎಂದು ಗ್ರಂಥಪಾಲಕಿ ನನಗೆ ಹೇಳಿದರು. ಅಂದಿನಿಂದ ತರಗತಿಗಳನ್ನು ಒಂದಲ್ಲ ಒಂದು ನೆಪದಿಂದ ಮುಂದೂಡುತ್ತಾ ಬಂದಿದ್ದರು.

ಇಂಥ ಸಂದರ್ಭದಲ್ಲಿ ಕಂಪ್ಯೂಟರ್ ಕೋರ್ಸ್ ಒಂದನ್ನು ಮಾಡಿ ಎಂದು ಹೇಳಿ ಕಳಿಸುವುದು ಸುಲಭ. ಆದರೆ ಅವರು ತರಬೇತಿಯಿಲ್ಲದವರಾಗಿರಲಿಲ್ಲ. ಕೊಂಡ ಪುಸ್ತಕಗಳನ್ನು ಕೈಯಲ್ಲಿ ಬರೆದಿಡುವ ಅಕ್ಸೆಶನ್ ರಿಜಿಸ್ಟರ್ ಮತ್ತು ಸೂಚಿಪತ್ರದ ಕಾರ್ಡುಗಳ ಕಾಲದಲ್ಲಿ ಕೆಲಸಕ್ಕೆ ಸೇರಿ, ಗ್ರಂಥಾಲಯ ನಿರ್ವಹಣೆಯ ಸೋಲ್ ತಂತ್ರಾಂಶಕ್ಕೆ ಇಡೀ ಗ್ರಂಥಾಲಯದ ದಾಖಲೆಗಳನ್ನು ಸೇರಿಸಿದ್ದವರು ಅವರೇ. ಕಾರ್ಯಾಗಾರಗಳಿಗೂ ಹೋಗಿ ಬಂದಿದ್ದರು. ತುಂಬಿದ ಸಭಾಂಗಣದಲ್ಲಿ ತಜ್ಞರೊಬ್ಬರು ಪರದೆಯ ಮೇಲೆ ವೇಗವಾಗಿ ಒಂದಾದ ಮೇಲೊಂದು ಕಿಟಕಿ ತೆರೆದು ತೋರಿಸಿ, ಸಂಜೆ ಪ್ರಮಾಣಪತ್ರ ಕೊಟ್ಟು ಕಳಿಸುವ ಆ ಬಗೆಯ ಕಾರ್ಯಾಗಾರಗಳಿಂದ ಕಲಿಸುವ ಧೈರ್ಯ ಬರುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಏಕೆಂದರೆ ಅಲ್ಲಿ ಯಾರೂ ಎದ್ದು ನಿಂತು ಕಲಿಸುವುದಿಲ್ಲ. ತಾನು ಇದನ್ನು ಮಾಡಬಲ್ಲೆ ಎಂಬ ನಂಬಿಕೆಯ ಕುರಿತು ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ 1977ರಲ್ಲಿ ಮಂಡಿಸಿದ ಸಿದ್ಧಾಂತದಲ್ಲಿ, ಆ ನಂಬಿಕೆಗೆ ಎಲ್ಲಕ್ಕಿಂತ ಬಲವಾದ ಮೂಲ ಸ್ವತಃ ಮಾಡಿ ಗೆದ್ದ ಅನುಭವ. ಅದರ ನಂತರದ್ದು, ತನ್ನಂಥವರೇ ಮಾಡುವುದನ್ನು ಕಣ್ಣಾರೆ ಕಾಣುವುದು. ನಮ್ಮ ಗ್ರಂಥಪಾಲಕಿಗೆ ಎರಡೂ ಸಿಕ್ಕಿರಲಿಲ್ಲ. ಕಾಲೇಜಿಗೆ ಒಬ್ಬರೇ ಗ್ರಂಥಪಾಲಕರಿರುವ ಕಡೆ ತನ್ನಂಥ ಇನ್ನೊಬ್ಬರು ಕಲಿಸುವುದನ್ನು ನೋಡುವ ಅವಕಾಶವಾದರೂ ಎಲ್ಲಿರುತ್ತದೆ?

ಅವರ ಒಪ್ಪಿಗೆಯ ಮೇರೆಗೆ ಮುಂದಿನ ಒಂದು ಭೇಟಿಗೆ ಆ ಕಿರಿಯ ಸಹೋದ್ಯೋಗಿಯನ್ನೂ ಕರೆಸಿದೆ. ಮೌಸ್ ಕಿತ್ತುಕೊಂಡದ್ದು ಅವಮಾನ ಮಾಡಲೆಂದಲ್ಲ, ಮೇಡಂ ಎಲ್ಲರೆದುರು ಕಷ್ಟಪಡುವುದನ್ನು ನೋಡಲಾಗದೆ ಎಂದು ಅವರು ಹೇಳಿದಾಗ ಆಕೆಯ ಮುಖ ಕೊಂಚ ಸಡಿಲವಾಯಿತು. ಬಳಿಕ ಆ ಕಿರಿಯರು ತಮ್ಮ ಕೊರತೆಯನ್ನೂ ಹೇಳಿಕೊಂಡರು. ಗ್ರಂಥಾಲಯದ ಗಣಕೀಕೃತ ಸೂಚಿಪತ್ರವಾದ ಓಪ್ಯಾಕ್‌ನಲ್ಲಿ ಕುವೆಂಪು ಎಂದು ಹುಡುಕಿದರೆ ಒಂದಷ್ಟು, ಪುಟ್ಟಪ್ಪ ಎಂದು ಹುಡುಕಿದರೆ ಬೇರೆ ಒಂದಷ್ಟು ಪುಸ್ತಕಗಳು ಬರುವುದೇಕೆ ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಾಗ ಅವರಿಗೆ ಉತ್ತರ ತೋಚಿರಲಿಲ್ಲ. ಹಿರಿಯರು ಅಲ್ಲೇ ವಿವರಿಸಿದರು: ಕಾವ್ಯನಾಮ ಮತ್ತು ನಿಜನಾಮಗಳನ್ನು ಒಂದಕ್ಕೊಂದು ಜೋಡಿಸುವ ಉಲ್ಲೇಖವನ್ನು ದಾಖಲೆಯಲ್ಲಿ ಕೊಡದಿದ್ದರೆ ಹೀಗಾಗುತ್ತದೆ; ಹಳೆಯ ಕೆಲವು ಶೀರ್ಷಿಕೆಗಳನ್ನು ಯೂನಿಕೋಡ್ (ಎಲ್ಲ ಗಣಕಗಳಿಗೂ ಒಂದೇ ಆದ ಅಕ್ಷರಸಂಕೇತ) ಅಲ್ಲದ ಫಾಂಟ್‌ಗಳಲ್ಲಿ ಬೆರಳಚ್ಚು ಮಾಡಿದ್ದರಿಂದ ಅವು ಕಣ್ಣಿಗೆ ಕನ್ನಡವಾಗಿ ಕಂಡರೂ ಯೂನಿಕೋಡ್ ಕನ್ನಡದಲ್ಲಿ ಹುಡುಕಿದಾಗ ಸಿಗುವುದಿಲ್ಲ. ವಿದ್ಯಾರ್ಥಿಗಳಿಗೆ ನಿಜವಾಗಿ ಬೇಕಾದ ಪಾಠ ಇದೇ ಅಲ್ಲವೇ ಎಂದು ನಾನು ಕೇಳಿದೆ. ಯಾವ ಗುಂಡಿ ಒತ್ತಬೇಕೆಂಬುದು ಮುಂದಿನ ಆವೃತ್ತಿಯಲ್ಲಿ ಬದಲಾಗಬಹುದು, ಹುಡುಕಿದ್ದು ಏಕೆ ಸಿಗಲಿಲ್ಲ ಎಂದು ಯೋಚಿಸುವ ಕ್ರಮ ಬದಲಾಗುವುದಿಲ್ಲ.

ನಾನು ಕೊಟ್ಟ ಸಲಹೆಯಲ್ಲಿ ಇವರಿಬ್ಬರಿಗೆ ಹೇಳಿದ್ದು ಸ್ವಲ್ಪವೇ. ಅಭ್ಯಾಸ ಮಾಡುವಾಗ ಮೌಸ್ ಯಾವಾಗಲೂ ಕಲಿಯುವವರ ಕೈಯಲ್ಲೇ ಇರಬೇಕು. ಬಲ್ಲವರು ಬಾಯಿಂದ ಹೇಳಬಹುದು, ಬೆರಳಿನಿಂದ ತೋರಿಸಬಹುದು, ಕೈ ಹಾಕಬಾರದು. ತರಗತಿಯಲ್ಲಿ ಇಬ್ಬರೂ ಒಟ್ಟಿಗೆ ನಿಲ್ಲಬೇಕು, ಮತ್ತು ಯಾರು ಯಾವ ಭಾಗವನ್ನು ನಡೆಸುತ್ತಾರೆಂದು ವಿದ್ಯಾರ್ಥಿಗಳಿಗೆ ಮೊದಲೇ ತಿಳಿಸಬೇಕು. ಆಗ ಒಬ್ಬರಿಂದ ಇನ್ನೊಬ್ಬರಿಗೆ ಪಾಠ ದಾಟುವುದು ಸೋಲಿನಂತೆ ಕಾಣುವುದಿಲ್ಲ. ಒಂದು ತರಗತಿಗೆ ಒಂದೇ ಪ್ರಶ್ನೆ ಸಾಕು. ಅಂತರಜಾಲ ಕೈಕೊಡಬಹುದಾದ್ದರಿಂದ ಪ್ರತಿ ಹಂತದ ಪರದೆಚಿತ್ರಗಳನ್ನು ಮೊದಲೇ ತೆಗೆದು ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಬೇಕು.

ಹೆಚ್ಚು ಹೊತ್ತು ನಾವು ಚರ್ಚಿಸಿದ್ದು ಗುಂಪಿನ ಬಗ್ಗೆ. ಸುತ್ತಮುತ್ತಲ ಕಾಲೇಜುಗಳ ಗ್ರಂಥಪಾಲಕರು ಪರಸ್ಪರ ಪರಿಚಿತರೇ ಆಗಿದ್ದರೂ, ಅವರು ಸೇರುತ್ತಿದ್ದುದು ವಿಶ್ವವಿದ್ಯಾಲಯದ ಸಭೆಗಳಲ್ಲಿ ಮಾತ್ರ. ಅವರಲ್ಲಿ ಕೆಲವರನ್ನು ತಿಂಗಳಿಗೊಮ್ಮೆ ಯಾರಾದರೊಬ್ಬರ ಗ್ರಂಥಾಲಯದಲ್ಲಿ, ತರಗತಿಗಳು ಮುಗಿದ ಮೇಲೆ ಸೇರಿಸುವಂತೆ ಸೂಚಿಸಿದೆ. ಪ್ರತಿ ಬಾರಿ ಒಬ್ಬರು ಹತ್ತು ನಿಮಿಷದ ಪಾಠ ಮಾಡಬೇಕು, ಉಳಿದವರು ಮೊದಲ ವರ್ಷದ ವಿದ್ಯಾರ್ಥಿಗಳಂತೆ ಕುಳಿತು, ಗೊತ್ತಿರುವುದನ್ನು ಬದಿಗಿಟ್ಟು, ಆ ಪಾಠ ಹೇಳಿದಷ್ಟನ್ನೇ ಮಾಡಬೇಕು. ಪಾಠ ಮುಗಿದ ಮೇಲೆ ಕಲಿಸಿದವರೇ ಮೊದಲು ಮಾತನಾಡಬೇಕು. ಉಳಿದವರು "ನೀವು ಇಲ್ಲಿ ತಪ್ಪಿದಿರಿ" ಎನ್ನದೆ "ನನಗೆ ಇಲ್ಲಿಂದ ಮುಂದೆ ತಿಳಿಯಲಿಲ್ಲ" ಎಂದು ಹೇಳಬೇಕು. ಮೇಲಧಿಕಾರಿಗಳನ್ನು ಕರೆಯುವುದು ಬೇಡ, ಪ್ರಮಾಣಪತ್ರ ಬೇಡ, ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ವರದಿಗೆಂದು ಫೋಟೊ ತೆಗೆಯುವುದೂ ಸದ್ಯಕ್ಕೆ ಬೇಡ ಎಂದೆ. ಕೊನೆಯದಕ್ಕೆ ಅವರು ಹಿಂಜರಿದರು, ದಾಖಲೆಯಿಲ್ಲದ ಕೆಲಸಕ್ಕೆ ಕಾಲೇಜಿನಲ್ಲಿ ಬೆಲೆಯಿಲ್ಲವೆಂಬುದು ಅವರ ಮಾತು. ಆ ಮಾತಿನಲ್ಲಿ ಸತ್ಯವಿದೆ. ಆದರೆ ಕ್ಯಾಮೆರಾದ ಮುಂದೆ ಯಾರೂ ತಡವರಿಸಲು ಒಪ್ಪುವುದಿಲ್ಲ. ತಡವರಿಸಲು ಜಾಗವಿಲ್ಲದಿದ್ದರೆ ಈ ಗುಂಪಿನಿಂದ ಪ್ರಯೋಜನವಿಲ್ಲ. ಸೇರಿದ ದಿನಾಂಕ ಮತ್ತು ಪಾಠದ ವಿಷಯವನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಸಾಕು ಎಂಬಲ್ಲಿಗೆ ಇಬ್ಬರೂ ಒಪ್ಪಿದೆವು.

ಗುಂಪು ಆರಂಭವಾಯಿತು. ಸರ್ಕಾರಿ ಕಾಲೇಜಿನಿಂದ ಬಂದವರೊಬ್ಬರು, 2025ರ ಜನವರಿಯಲ್ಲಿ ಶುರುವಾದ ಕೇಂದ್ರ ಸರ್ಕಾರದ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಯಡಿ ಸುಮಾರು 13,000 ಸಂಶೋಧನಾ ನಿಯತಕಾಲಿಕಗಳು ದೊರೆಯುತ್ತಿದ್ದರೂ, ಎಲ್ಲಿಂದ ಆರಂಭಿಸಬೇಕೆಂದು ತಮ್ಮ ಅಧ್ಯಾಪಕರಿಗೆ ತೋರಿಸುವುದು ತಮಗೂ ಕಷ್ಟವಾಗಿದೆ ಎಂದು ಮೊದಲ ಸಭೆಯಲ್ಲೇ ಹೇಳಿದರಂತೆ. ತನಗಿಂತ ಕಿರಿಯರೂ ಯಂತ್ರದಲ್ಲಿ ನುರಿತವರೂ ಆದ ಒಬ್ಬರ ಬಾಯಿಂದ ಆ ಮಾತು ಬಂದದ್ದು, ನಾನು ಹೇಳಿದ ಯಾವ ಸಮಾಧಾನಕ್ಕಿಂತಲೂ ನಮ್ಮ ಗ್ರಂಥಪಾಲಕಿಗೆ ಹೆಚ್ಚು ನೆಮ್ಮದಿ ಕೊಟ್ಟಿತು. ತಮ್ಮ ಸರದಿಯಲ್ಲಿ ಅವರು ಕುವೆಂಪು–ಪುಟ್ಟಪ್ಪ ಪ್ರಶ್ನೆಯನ್ನೇ ಪಾಠವಾಗಿಸಿದರು, ಬಳಿಕ ಅದನ್ನೇ ಕಾಲೇಜಿನಲ್ಲಿ ಸಹೋದ್ಯೋಗಿಯೊಂದಿಗೆ ನಡೆಸಿದರು. ಅಂತರಜಾಲ ನಡುವೆ ನಿಂತುಹೋಯಿತು, ಪರದೆಚಿತ್ರಗಳಿಂದ ಮುಂದುವರಿಸಿದರು.

ಎಲ್ಲವೂ ಸರಿಹೋಗಿದೆ ಎನ್ನಲಾರೆ. ತರಗತಿಯ ಹಿಂದಿನ ರಾತ್ರಿ ಈಗಲೂ ನಿದ್ರೆ ತಡವಾಗಿ ಬರುತ್ತದೆ, ಆದರೆ ತರಗತಿಯನ್ನು ಮುಂದೂಡುವುದು ನಿಂತಿದೆ. ಪಾಠವನ್ನು ವೀಡಿಯೊ ಮಾಡಿ ಹಾಕಬೇಕೆಂಬ ಪ್ರಾಂಶುಪಾಲರ ಸೂಚನೆಗೆ ಅವರ ಮನಸ್ಸು ಇನ್ನೂ ಒಪ್ಪಿಲ್ಲ, ಸದ್ಯಕ್ಕೆ ಒತ್ತಾಯಿಸಬಾರದೆಂದು ನನಗೂ ಅನಿಸುತ್ತದೆ. ವೇಳಾಪಟ್ಟಿಯಲ್ಲಿ ಗ್ರಂಥಾಲಯ ಪಾಠಕ್ಕೆ ನಿಗದಿತ ಅವಧಿ ಕೊಡಿ ಎಂದು ಇಬ್ಬರೂ ಸಹಿ ಮಾಡಿ ಮನವಿ ಸಲ್ಲಿಸುವಂತೆ ಹೇಳಿದ್ದೇನೆ. ಬೇರೆ ಅಧ್ಯಾಪಕರ ಬಿಡುವಿನ ಅವಧಿಯನ್ನು ಬೇಡಿ ಪಡೆದು ಕಲಿಸುವವರ ಅಳುಕು ಕಡಿಮೆಯಾಗುವುದು ಕಷ್ಟ.

ಗುಂಪಿನ ಒಬ್ಬರು ಎರಡನೆಯ ಸಭೆಯಿಂದ ಬರುವುದನ್ನು ಬಿಟ್ಟರು. ಆಸಕ್ತಿ ಕಡಿಮೆಯಾಯಿತೇನೋ ಎಂದು ಉಳಿದವರು ಭಾವಿಸಿದ್ದರು. ವಿಚಾರಿಸಿದಾಗ, ಅವರ ಕಾಲೇಜಿನಲ್ಲಿ ಸಹಾಯಕರೇ ಇಲ್ಲದ ಕಾರಣ ಗ್ರಂಥಾಲಯ ತೆರೆದಿರುವಷ್ಟು ಹೊತ್ತು ಕೌಂಟರ್ ಬಿಟ್ಟು ಹೊರಡಲಾಗುತ್ತಿರಲಿಲ್ಲ ಎಂದು ತಿಳಿಯಿತು. ನಮ್ಮ ಗ್ರಂಥಪಾಲಕಿ ಈ ಬಗ್ಗೆ ನನ್ನನ್ನು ಕೇಳಿದಾಗ, ಮುಂದಿನ ಸಭೆಗಳನ್ನು ಆ ಕೌಂಟರಿನ ಪಕ್ಕದ ಮೇಜಿನಲ್ಲೇ ನಡೆಸಿ, ವಿದ್ಯಾರ್ಥಿಗಳು ಪುಸ್ತಕ ಕೇಳಲು ಬಂದಾಗ ಪಾಠ ನಿಲ್ಲಿಸಿ, ಅವರು ಹೋದ ಮೇಲೆ ಮುಂದುವರಿಸಿ ಎಂದು ಸಲಹೆ ನೀಡಿದೆ. ಗುಂಪಿನವರು ಅದಕ್ಕೆ ಒಪ್ಪಿದ್ದಾರೆ.