ಉಪ್ಪುನೀರಿನ ಜೀವಿಗಳು ಗಟ್ಟಿ, ಆದರೆ ಎಷ್ಟು ಹೊತ್ತು?

ಪ್ರಶ್ನೆ: ಹೊಸ ಟ್ಯಾಂಕಿಗೆ ಮೊದಲು ಡ್ಯಾಮ್ಸೆಲ್ ಮೀನು ಬಿಡಿ, ಅದು ಸಾಯಲ್ಲ ಅಂತಾರೆ ಅಂಗಡಿಯವರು. ಬಿಡಬಹುದಾ?

ಬೇಡ. ಹೊಸ ಟ್ಯಾಂಕಿನ ಅಮೋನಿಯಾ ಅದರ ಕಿವಿರನ್ನು ಸುಡುತ್ತದೆ. ಸಾಯದಿದ್ದರೂ ನರಳುತ್ತದೆ. ಸೋಪು, ಪರಿಮಳ ಬೆರೆಸದ ಶುದ್ಧ ಅಮೋನಿಯಾ ಹನಿ ಹಾಕಿ, ಮೀನಿಲ್ಲದೆಯೇ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಬೆಳೆಸಿ.

ಪ್ರಶ್ನೆ: ಮಳೆಗೆ ಮರ ಬಿದ್ದು ನಮ್ಮ ಬಡಾವಣೆಯಲ್ಲಿ ರಾತ್ರಿಯೆಲ್ಲ ಕರೆಂಟ್ ಇರಲಿಲ್ಲ. ಪಂಪು, ಹೀಟರ್ ಎಲ್ಲ ಬಂದ್. ಆದರೂ ಎರಡು ಕ್ಲೌನ್ ಮೀನು, ಸೀಗಡಿ, ಅನಿಮೋನ್ (ಹೂವಿನಂಥ ಸಮುದ್ರಜೀವಿ) ಆರಾಮಾಗಿವೆ. ಇಷ್ಟು ಗಟ್ಟಿ ಜೀವಗಳಿಗೆ ವಾರ ವಾರ ನೀರಿನ ಪರೀಕ್ಷೆ ಬೇಕಾ?

ಬೇಕು. ಪ್ರತಿ ಮಳೆಗಾಲ ಈ ಪ್ರಶ್ನೆ ಬರುತ್ತದೆ. ನನಗೆ ಬೇಸರವಾಗುವುದು ಪ್ರಶ್ನೆಯಿಂದಲ್ಲ, ಅದರ ಹಿಂದಿರುವ ಧೈರ್ಯದಿಂದ.

ಇವು ಗಟ್ಟಿ ಎನ್ನುವುದು ನಿಜ. ಗುಜರಾತಿನ ಕಚ್ ಕೊಲ್ಲಿಯ ನರಾರಾದಲ್ಲಿ ಇಳಿತದ ಹೊತ್ತಿಗೆ ನೀರು ಸರಿದು ಹವಳಗಳು ಬಯಲಿಗೆ ಬೀಳುತ್ತವೆ. ಮೈಮೇಲೆ ಲೋಳೆ ಬಿಟ್ಟುಕೊಂಡು ಬಿಸಿಲು ತಡೆಯುತ್ತವೆ. ಆದರೆ ಕೆಲವು ಗಂಟೆಗಳಲ್ಲಿ ಭರತ (ಉಬ್ಬರ) ಬಂದು ಹೊಸ ನೀರು ತುಂಬುತ್ತದೆ. ಅವುಗಳ ಸಹನೆ ಇರುವುದು ಆ ಲೆಕ್ಕಕ್ಕೆ. ನಿಮ್ಮ ಟ್ಯಾಂಕಿಗೆ ಭರತ ಬರುವುದಿಲ್ಲ. ನೀರನ್ನು ನೀವೇ ಬದಲಿಸಬೇಕು.

ನಿಮ್ಮ ಮೀನು ಉಳಿದದ್ದಕ್ಕೆ ಇನ್ನೊಂದು ಕಾರಣ, ಟ್ಯಾಂಕಿನಲ್ಲಿ ಮೀನು ಕಡಿಮೆ ಇವೆ. ಉಪ್ಪುನೀರಿನಲ್ಲಿ ಕರಗುವ ಆಮ್ಲಜನಕ ಸಿಹಿನೀರಿಗಿಂತ ಸುಮಾರು ಐದರಲ್ಲೊಂದು ಪಾಲು ಕಡಿಮೆ. ನೀರು ಬಿಸಿಯಾದಷ್ಟೂ ಇನ್ನೂ ಕಡಿಮೆ. ರಾತ್ರಿ ಪಾಚಿಯೂ ಆಮ್ಲಜನಕವನ್ನೇ ಎಳೆಯುತ್ತದೆ. ಅದೇ ಟ್ಯಾಂಕಿನಲ್ಲಿ ನಾಲ್ಕು ದೊಡ್ಡ ಟ್ಯಾಂಗ್ ಮೀನು ಇದ್ದಿದ್ದರೆ ನಿಮ್ಮ ಪತ್ರ ಬೇರೆ ಥರ ಇರುತ್ತಿತ್ತು. ಬ್ಯಾಟರಿಯ ಏರ್ ಪಂಪ್ ಒಂದನ್ನು ಇವತ್ತೇ ತಂದಿಡಿ. ಲೈಟ್ ಇಲ್ಲದೆ ಒಂದೆರಡು ದಿನ ನಡೆಯುತ್ತದೆ, ಗಾಳಿ ಇಲ್ಲದೆ ನಡೆಯಲ್ಲ. ಕರೆಂಟ್ ಬರುವವರೆಗೆ ಮೀನಿಗೆ ಊಟ ಹಾಕಬೇಡಿ.

ಕ್ಯಾನಿಸ್ಟರ್ ಫಿಲ್ಟರ್ (ಮುಚ್ಚಿದ ಡಬ್ಬಿಯಂಥದ್ದು) ಇದ್ದರೆ ಕರೆಂಟ್ ಬಂದ ಕೂಡಲೇ ಸುಮ್ನೆ ಸ್ವಿಚ್ ಹಾಕಬೇಡಿ. ಒಳಗೆ ನಿಂತ ನೀರು ಕೊಳೆತಿರುತ್ತದೆ. ತೊಳೆದು ಆಮೇಲೆ ಹಾಕಿ. ಕಲ್ಲಿನೊಳಗೆ ಸತ್ತ ಹುಳುಗಳು ಮುಂದಿನ ದಿನಗಳಲ್ಲಿ ಅಮೋನಿಯಾ ಬಿಡುತ್ತವೆ. ಸಮುದ್ರದ ನೀರು ಕ್ಷಾರೀಯ, ಪಿಎಚ್ ಸುಮಾರು 8.2 ಇರುವುದರಿಂದ ಅದರಲ್ಲಿ ಅಮೋನಿಯಾ ಜಾಸ್ತಿ ವಿಷ. ಪರೀಕ್ಷೆ ಬೇಡ ಅಂತೀರಲ್ಲ, ಅದು ಅತಿ ಹೆಚ್ಚು ಬೇಕಾಗಿರುವುದು ಈ ವಾರವೇ.

ಇನ್ನು ನಿಮ್ಮ ಅನಿಮೋನ್. ಅದನ್ನು ದಿನಾ ನೋಡಿ. ಬೆಳಕು ಸಾಲದಿದ್ದರೆ ಅದು ತಕ್ಷಣ ಸಾಯುವುದಿಲ್ಲ. ಮೈಯೊಳಗಿದ್ದು ಊಟ ಕೊಡುವ ಪಾಚಿ ಕಳೆದುಕೊಂಡು ಬಿಳಿಚಿಕೊಳ್ಳುತ್ತದೆ. ಆಮೇಲೆ ತನ್ನ ಮೈಯನ್ನೇ ಕರಗಿಸಿಕೊಂಡು ತಿಂಗಳುಗಟ್ಟಲೆ ಚಿಕ್ಕದಾಗುತ್ತಾ ಹೋಗುತ್ತದೆ. ಜನ ಅದನ್ನು ‘ಬಿಳಿ ಅನಿಮೋನ್, ಚೆನ್ನಾಗಿದೆ’ ಅಂದುಕೊಂಡು ಫೋಟೋ ಕಳಿಸುತ್ತಾರೆ. ಅದು ಹಸಿವು. ಕ್ಲೌನ್ ಮೀನು ಕೂಡ ಚೆನ್ನಾಗಿ ಸಾಕಿದರೆ 20 ವರ್ಷ ದಾಟಬಲ್ಲದು. ಎರಡು ವರ್ಷಕ್ಕೆ ಸತ್ತರೆ ‘ವಯಸ್ಸಾಗಿತ್ತು’ ಅನ್ನಬೇಡಿ.

ಪ್ರಶ್ನೆ: ಗಾಜಿನಂಥ ಕಂದು ಅನಿಮೋನ್‌ಗಳನ್ನು ಹೆರೆದು ತೆಗೆದೆ. ಈಗ ಇನ್ನೂ ಜಾಸ್ತಿಯಾಗಿವೆ.

ಅದು ಐಪ್ಟೇಸಿಯಾ. ಉಳಿದ ಒಂದು ಚೂರಿನಿಂದಲೂ ಮತ್ತೆ ಬೆಳೆಯುತ್ತದೆ. ಹೆರೆಯಬೇಡಿ.

ಪ್ರಶ್ನೆ: ಮೀನಿನ ಮೈಮೇಲೆ ಬಿಳಿ ಚುಕ್ಕೆ ಬರುವ ವೈಟ್ ಸ್ಪಾಟ್ ರೋಗಕ್ಕೆ ಅರಿಶಿನ ಹಾಕಿದೆ, ಮೂರೇ ದಿನದಲ್ಲಿ ಹೋಯಿತು.

ಹೋಗಿಲ್ಲ. ಆ ಚುಕ್ಕೆ ತರುವ ಪರೋಪಜೀವಿ ಮೀನಿನ ಮೈಯಿಂದ ತಾನಾಗಿ ಉದುರಿ, ಮರಳಿನಲ್ಲಿ ಕೂತು ಮರಿ ಮಾಡುತ್ತಿದೆ. ಅರಿಶಿನದ ವೈದ್ಯರು ಬದುಕುತ್ತಿರುವುದೇ ಆ ಬಿಡುವಿನಲ್ಲಿ. ಮೀನನ್ನು ಬೇರೆ ಟ್ಯಾಂಕಿಗೆ ಹಾಕಿ ತಾಮ್ರದ ಔಷಧಿ ಕೊಡಿ. ಸೀಗಡಿ, ಅನಿಮೋನ್ ಇರುವ ಟ್ಯಾಂಕಿಗೆ ತಾಮ್ರ ಹಾಕಿದರೆ ಅವು ಸಾಯುತ್ತವೆ.

ಪ್ರಶ್ನೆ: ನೇತ್ರಾಣಿಗೆ ಡೈವಿಂಗ್ ಹೋಗುತ್ತಿದ್ದೇನೆ. ಒಂದು ತುಂಡು ಹವಳ ತರಲಾ?

ತರಬೇಡಿ. ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಮುರಿದರೆ ಅಪರಾಧ.